ಪುಸ್ತಕದ ಚೇಳನ್ನು ಕೊಲ್ಲಬೇಕೇ?

ಆಟಿಯ ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ ನಾವು ಶಾಲಾ ವಾಚನಾಲಯದ ಕಪಾಟನ್ನು ತೆರೆದೆವು. ಹಳೆಯ ಕನ್ನಡ ನಿಘಂಟಿನ ಹಾಳೆಗಳ ನಡುವಿನಿಂದ ಎಳ್ಳಿನಷ್ಟು ದೊಡ್ಡ ಜೀವಿಯೊಂದು ಹೊರಬಂತು. ಮುಂದಕ್ಕೆ ಚಾಚಿದ ಎರಡು ಇಕ್ಕಳಗಳನ್ನು ಕಂಡದ್ದೇ ತಡ, "ಚೇಳಿನ ಮರಿ!" ಎಂದು ಯಾರೋ ಕೂಗಿದರು, ಚಪ್ಪಲಿಯ ಏಟೂ ಬಿತ್ತು. ಸತ್ತ ಮೇಲೆ ನೋಡಿದರೆ ಅದಕ್ಕೆ ಬಾಲವೂ ಇಲ್ಲ, ಕೊಂಡಿಯೂ ಇಲ್ಲ. ಆ ದಿನ ನಾವು ಮಾಡಿದ್ದು ತಪ್ಪೆಂದೇ ಈಗ ನಮ್ಮ ಅಭಿಪ್ರಾಯ.

ಅದು ಹುಸಿಚೇಳು. ಚೇಳು, ಜೇಡಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಪ್ರಾಣಿ. ಹುಸಿಚೇಳುಗಳಲ್ಲಿ ಅನೇಕ ಕುಟುಂಬಗಳುಂಟು. ಹೆಚ್ಚಿನವು ತರಗೆಲೆ, ಮರದ ತೊಗಟೆ, ಕಲ್ಲುಗಳ ಅಡಿಯಲ್ಲಿ ಬಾಳುತ್ತವೆ. ಕೆಲಿಫರಿಡೇ ಎಂಬ ಕುಟುಂಬದವು ಕೆಲವು ಮನುಷ್ಯನ ನೆರೆಯವರಾಗಿವೆ. ಅವುಗಳಲ್ಲಿ ಪ್ರಸಿದ್ಧವಾದ ಕೆಲಿಫರ್ ಕ್ಯಾಂಕ್ರಾಯ್ಡಿಸ್ ಮೂರು ನಾಲ್ಕು ಮಿಲಿಮೀಟರು ಉದ್ದದ್ದು. ಮನೆ, ಕೊಟ್ಟಿಗೆ, ಪುಸ್ತಕದ ರಾಶಿಗಳಲ್ಲಿ ಇರುವಂಥದು. ಇಂಗ್ಲೆಂಡಿನ ರಾಬರ್ಟ್ ಹುಕ್ ಓದುತ್ತಿದ್ದ ಪುಸ್ತಕದ ಮೇಲೆಯೇ ಒಂದು ಹುಸಿಚೇಳು ಹರಿದು ಬಂದಿತ್ತು. ಅವನು ಚಪ್ಪಲಿ ಎತ್ತಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ 1665ರ ತನ್ನ 'ಮೈಕ್ರೋಗ್ರಾಫಿಯ'ದಲ್ಲಿ ಅದರ ಚಿತ್ರ ಕೊಟ್ಟನು! ಇದೇ ಕುಟುಂಬದ ಎಲಿಂಗ್ಸೀನಿಯಸ್ ಇಂಡಿಕಸ್ ನಮ್ಮ ದಕ್ಷಿಣ ಭಾರತದ ಜೇನುಪೆಟ್ಟಿಗೆಗಳಲ್ಲಿ ವಾಸಿಸುತ್ತದೆ. ರೆಕ್ಕೆಯಿಲ್ಲದಿದ್ದರೇನು, ನೊಣದಂಥ ಕೀಟಗಳ ಕಾಲನ್ನು ಇಕ್ಕಳದಲ್ಲಿ ಹಿಡಿದು ಟಿಕೇಟಿಲ್ಲದೆ ಊರೂರು ಸುತ್ತುವ ಹುಸಿಚೇಳುಗಳೂ ಇವೆ.

ಪುಸ್ತಕದ ಚೇಳು ಕಾಗದ ತಿನ್ನುವುದಿಲ್ಲ. ಅದರ ಆಹಾರ ಪುಸ್ತಕದ ಹೇನು, ನುಸಿ, ಪತಂಗದ ಮರಿಹುಳು. ಇಕ್ಕಳದ ತುದಿಯ ವಿಷ ಹೇನಿಗೆ ಸಾಕು, ನಮ್ಮ ಚರ್ಮಕ್ಕೆ ಅದರಿಂದ ಏನೂ ಆಗದು.

"ಹುಳವನ್ನು ಸಾಕಿ ಪುಸ್ತಕ ಉಳಿಸುತ್ತೀರಾ?" ಎಂದು ಹಿರಿಯರೊಬ್ಬರು ನಕ್ಕರು. ಗೆದ್ದಲನ್ನು ತಡೆಯಲು ಹುಸಿಚೇಳಿನಿಂದ ಆಗದು, ಒಪ್ಪಿದೆವು. ಆದರೆ ಹೇನು ಬರುವುದು ತೇವ ಮತ್ತು ಬೂಸ್ಟು ಇರುವಲ್ಲಿಗೆ. ಹೇನು ಇದ್ದಲ್ಲಿಗೆ ಹುಸಿಚೇಳು. ಕಪಾಟಿಗೆ ಔಷಧಿ ಸಿಂಪಡಿಸಿದರೆ ಬೇಟೆಗಾರನೂ ಸಾಯುತ್ತಾನೆ, ತೇವ ಮಾತ್ರ ಹಾಗೆಯೇ ಉಳಿಯುತ್ತದೆ. ಗಡಿಯ ಈಚೆಗಿನ ಕಾಸರಗೋಡಿನಲ್ಲಿ ಹಳೆಯ ಕನ್ನಡ ಪುಸ್ತಕವೊಂದು ಹಾಳಾದರೆ ಇನ್ನೊಂದು ಪ್ರತಿ ಸುಲಭದಲ್ಲಿ ದೊರೆಯುವುದಿಲ್ಲ. ಆದುದರಿಂದ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಸರಿಸಬೇಕು, ಕಿಟಿಕಿ ತೆರೆದಿಡಬೇಕು ಎಂಬುದೇ ನಮ್ಮ ಬೇಡಿಕೆ.

ಆ ನಿಘಂಟಿನ ಬೆನ್ನು ಈಗಾಗಲೇ ಬಿಟ್ಟಿದೆ. ಸೋಣದ ಬಿಸಿಲು ಬಂದೊಡನೆ ಜಗಲಿಯ ನೆರಳಿನಲ್ಲಿ ಮೊದಲು ಅದನ್ನೇ ಗಾಳಿಗೆ ಬಿಡಿಸಿಡಬೇಕೆಂದಿದ್ದೇವೆ.