ಆರು ಮಿ.ಮೀ., ಕಾಲು ಇಂಚು: ಎರಡೂ ಒಂದಲ್ಲ

ಮುಂಬೈಯ ಫ್ಲ್ಯಾಟಾಗಲಿ, ಹೈದರಾಬಾದಿನ ಬಾಡಿಗೆ ಮನೆಯಾಗಲಿ, ಅಡುಗೆಮನೆಯ ಕಪಾಟು ಮಾಡುವ ಬಡಗಿಯ ಕೈಯಲ್ಲಿ ಟ್ರಿಮ್ಮರ್ ಇದ್ದೇ ಇರುತ್ತದೆ. ಪ್ಲೈವುಡ್ಡಿಗೆ ಅಂಟಿಸಿದ ಸನ್‌ಮೈಕಾದ ಹೊರಚಾಚಿದ ಅಂಚನ್ನು ಅದು ಕ್ಷಣದಲ್ಲಿ ಸವರಿಬಿಡುತ್ತದೆ. ಅದನ್ನು ಕಂಡು ಆಸೆಪಟ್ಟ ಹವ್ಯಾಸಿಗಳು ತಾವೂ ಒಂದು ಯಂತ್ರ ಕೊಳ್ಳುತ್ತಾರೆ, ಜೊತೆಗೆ ಹದಿನೈದು ಬಿಟ್‌ಗಳ ಅಗ್ಗದ ಪೆಟ್ಟಿಗೆಯನ್ನೂ. ತಪ್ಪು ಶುರುವಾಗುವುದು ಆ ಪೆಟ್ಟಿಗೆಯಿಂದ.

ಬಿಟ್ ಆರಿಸುವಾಗ ಎಲ್ಲರ ಕಣ್ಣೂ ಹೋಗುವುದು ಕತ್ತರಿಸುವ ತುದಿಯ ಮೇಲೆ. ಮೊದಲು ನೋಡಬೇಕಾದದ್ದು ಇನ್ನೊಂದು ತುದಿ: ಯಂತ್ರದ ಕಾಲೆಟ್ ಬಿಗಿಹಿಡಿಯುವ ನುಣುಪಾದ ಕಡ್ಡಿ, ಅಂದರೆ ಶ್ಯಾಂಕ್. ಸಣ್ಣ ಟ್ರಿಮ್ಮರ್‌ಗಳಲ್ಲಿ ಇದರ ಅಳತೆ ಸಾಮಾನ್ಯವಾಗಿ ಎರಡು ಬಗೆ: 6 ಮಿ.ಮೀ. ಅಥವಾ ಕಾಲು ಇಂಚು. ಕಾಲು ಇಂಚೆಂದರೆ 6.35 ಮಿ.ಮೀ. ಆದರೆ ಅಂಗಡಿಯ ಬಾಯಲ್ಲಿ ಎರಡೂ 'ಆರು ಎಂಎಂ' ಆಗಿಬಿಡುತ್ತವೆ.

ಈ ಗೊಂದಲಕ್ಕೆ ಕಾರಣ ನಮ್ಮ ಬೆರಕೆ ಅಳತೆ. ದೇಶಕ್ಕೆ ಮೆಟ್ರಿಕ್ ಪದ್ಧತಿ ತಂದ ಕಾಯ್ದೆ 1956ರದು. ಇವತ್ತಿಗೂ ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ, ಅದರ ದಪ್ಪ ಮಾತ್ರ 18 ಮಿ.ಮೀ. ಹಿಂದಿ ಮಾತಾಡುವ ಬಡಗಿಗಳಿಗೆ ಇಂಚಿನ ಎಂಟನೇ ಒಂದು ಭಾಗ 'ಸೂತ್'. ಕಾಲು ಇಂಚು 'ದೋ ಸೂತ್'. ಮರದ ಕೆಲಸದಲ್ಲಿ 0.35 ಮಿ.ಮೀ. ವ್ಯತ್ಯಾಸವನ್ನು ಮರಳುಕಾಗದ ನುಂಗುತ್ತದೆ. ಕಾಲೆಟ್ ನುಂಗುವುದಿಲ್ಲ. ಕಾಲಿಂಚಿನ ಕಾಲೆಟ್ಟಿಗೆ 6 ಮಿ.ಮೀ. ಬಿಟ್ ಹಾಕಿ ತಿರುಪಿದರೆ ಬಿಗಿಯಾದಂತೆಯೇ ತೋರೀತು. ಸರಿಯಾದ ಹಿಡಿತ ಮಾತ್ರ ಇರುವುದಿಲ್ಲ. ನಿಮಿಷಕ್ಕೆ 30,000 ಸುತ್ತೆಂದರೆ ಸೆಕೆಂಡಿಗೆ 500. ಆ ವೇಗದಲ್ಲಿ ಜಾರಿದ ಬಿಟ್ ಹಲಗೆಯನ್ನು ಕೆಡಿಸಬಹುದು, ಹಾರಿ ಕಣ್ಣಿಗೂ ಬಡಿಯಬಹುದು.

ಹಾಗಾಗಿ ಪೆಟ್ಟಿಗೆಯ ದುಡ್ಡಿನಲ್ಲಿ ಸರಿಯಾದ ಶ್ಯಾಂಕಿನ ಮೂರು ಒಳ್ಳೆಯ ಬಿಟ್ ಕೊಳ್ಳುವುದೇ ಜಾಣತನ: ತುದಿಯಲ್ಲಿ ಬೇರಿಂಗ್ ಇರುವ ಫ್ಲಶ್ ಟ್ರಿಮ್, ಗಾಡಿ ತೋಡಲು ಎರಡು ಅಲಗಿನ ನೇರ ಬಿಟ್, ಅಂಚಿನ ಚೂಪು ಮುರಿಯಲು 3 ಮಿ.ಮೀ. ರೌಂಡ್ ಓವರ್. ಮೂರಕ್ಕೂ ಕಾರ್ಬೈಡ್ ಅಲಗೇ ಬೇಕು. ಪ್ಲೈವುಡ್ಡಿನ ಅಂಟು, ಸನ್‌ಮೈಕಾದ ಗಡಸು ಬರೀ ಉಕ್ಕಿನ ಅಲಗನ್ನು ಬೇಗ ಮೊಂಡು ಮಾಡುತ್ತವೆ.

ಬಳಸುವಾಗಲೂ ಆತುರ ಸಲ್ಲದು. ಪ್ಲಗ್ ಕಿತ್ತ ಮೇಲೆಯೇ ಬಿಟ್ ಬದಲಿಸಬೇಕು. ಶ್ಯಾಂಕನ್ನು ತಳ ಮುಟ್ಟಿಸಿ, ಒಂದೆರಡು ಮಿ.ಮೀ. ಮೇಲೆಳೆದು ಬಿಗಿಯಬೇಕು. ಆಳವಾದ ಗಾಡಿಯನ್ನು ಒಂದೇ ಸಲ ತೋಡದೆ, ಸಲಕ್ಕೆ ಎರಡು ಮೂರು ಮಿ.ಮೀ. ಇಳಿಸಬೇಕು. ಹಲಗೆಯ ಹೊರ ಅಂಚಿನಲ್ಲಿ ಯಂತ್ರ ಸಾಗಬೇಕಾದದ್ದು ಅಪ್ರದಕ್ಷಿಣವಾಗಿ. ತಿರುವುಮುರುವಾದರೆ ಅದು ಕೈಯಿಂದ ಕಿತ್ತುಕೊಂಡು ಓಡುತ್ತದೆ. ಮರ ಕಪ್ಪಗೆ ಸುಟ್ಟರೆ ಒಂದೋ ಕೈ ತೀರಾ ನಿಧಾನ, ಇಲ್ಲವೇ ಅಲಗು ಮೊಂಡು.

ಮಾರುವವರು ಪೊಟ್ಟಣದ ಮೇಲೆ 6 ಅಥವಾ 6.35 ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುವುದು ದೊಡ್ಡ ಖರ್ಚೇನಲ್ಲ. ಅಲ್ಲಿಯವರೆಗೆ ಕೊಳ್ಳುವವರು ಕಾಲೆಟ್ಟನ್ನೇ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಲಿ, ಶ್ಯಾಂಕನ್ನು ಅಲ್ಲೇ ತೂರಿಸಿ ನೋಡಲಿ. ಒಳಗೆ ಹೋಗದಿದ್ದರೂ, ಗಡಗಡ ಅಲುಗಾಡಿದರೂ ವಾಪಸ್ ಕೊಡಲಿ. ಗಲ್ಲಾದವನು ನಕ್ಕರೆ ನಗಲಿ.