ಯಂತ್ರ ಒಂದೇ ಸಾಲದು, ಕಲಿಸುವವರೂ ಬೇಕು

ತೊಗರಿ ರಾಶಿಯ ಕಾಲದಲ್ಲಿ ಅಡತಿ ಅಂಗಡಿಯ ಮುಂದೆ ನಮಗೆಲ್ಲ ಪರಿಚಿತವಾದ ಒಂದು ದೃಶ್ಯವಿದೆ. ತೂಕದ ಚೀಟಿ ಹಿಡಿದ ರೈತನು ಪಕ್ಕದವರಿಗೆ ಅದನ್ನು ತೋರಿಸಿ, "ಎಷ್ಟಾತು, ನೋಡಿ ಹೇಳ್ರಿ" ಎಂದು ಕೇಳುತ್ತಾನೆ. ಹಣವು ಮೊಬೈಲ್ ಮೂಲಕ ಜಮೆಯಾದರೂ ಮೊತ್ತವನ್ನು ಓದಲು ಮತ್ತೊಬ್ಬರ ನೆರವು ಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ, ನಮ್ಮ ಜಿಲ್ಲೆಯದು ಶೇ. 64.85 ಮಾತ್ರ.

ಈ ಕೊರತೆಯ ಮೇಲೆ 2020ರಲ್ಲಿ ಎರಡು ಪೆಟ್ಟುಗಳು ಬಿದ್ದವು. ಮಾರ್ಚ್‌ನಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದವು. ಅಕ್ಟೋಬರ್‌ನಲ್ಲಿ ಭೀಮೆಯ ಪ್ರವಾಹವು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಗ್ರಾಮಗಳಿಗೆ ನುಗ್ಗಿತು. 'ಅಸರ್' ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣವು 2018ರ ಶೇ. 19.2ರಿಂದ 2021ರ ಆರಂಭದಲ್ಲಿ ಶೇ. 9.8ಕ್ಕೆ ಕುಸಿಯಿತು. ಆ ಮಕ್ಕಳು ಈಗ ಹದಿಹರೆಯದವರು. ನಾಳೆ ನಮ್ಮ ಅಂಗಡಿಗಳಿಗೆ, ದಾಲ್ ಮಿಲ್ಲುಗಳಿಗೆ ದುಡಿಯಲು ಬರುವವರು ಅವರೇ.

ಸರ್ಕಾರವು ಆಗ ಕೈಕಟ್ಟಿ ಕುಳಿತಿರಲಿಲ್ಲ. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. 2020ರ ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ' ಯೋಜನೆಯು ಮಕ್ಕಳನ್ನು ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಏನೂ ಇಲ್ಲದವರು ಎಂದು ವಿಂಗಡಿಸಿ, ಶಿಕ್ಷಕರನ್ನೇ ಅವರ ಬಳಿಗೆ ಕಳುಹಿಸಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡಿತಾದರೂ, ಉಪಕರಣವಿಲ್ಲದ ಮಗುವಿಗೂ ಶಿಕ್ಷಕರು ಬೇಕೆಂಬ ಅದರ ತತ್ತ್ವ ಸರಿಯಾಗಿತ್ತು.

ಆಫ್ರಿಕದ ಬೋಟ್ಸ್ವಾನದಲ್ಲಿ ಅದೇ ವರ್ಷ ನಡೆದ ಪ್ರಯೋಗವೂ ಇದನ್ನೇ ಹೇಳುತ್ತದೆ. ಕೆಲವು ಕುಟುಂಬಗಳಿಗೆ ವಾರಕ್ಕೊಮ್ಮೆ ಲೆಕ್ಕದ ಪ್ರಶ್ನೆಗಳ ಸಂದೇಶ ಮಾತ್ರ ಬರುತ್ತಿತ್ತು. ಉಳಿದ ಕೆಲವರಿಗೆ ಸಂದೇಶದ ಜೊತೆಗೆ ಶಿಕ್ಷಕರ ಸುಮಾರು ಇಪ್ಪತ್ತು ನಿಮಿಷಗಳ ಕರೆಯೂ ಬರುತ್ತಿತ್ತು. ಬರಿಯ ಸಂದೇಶದಿಂದ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲ. ಕರೆ ಬಂದ ಮನೆಗಳ ಮಕ್ಕಳು ಲೆಕ್ಕ ಕಲಿತರು. ಬಳಸಿದ್ದು ಸಾದಾ ಫೋನು.

ಆದುದರಿಂದ ವರ್ತಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಹತ್ತು ಟ್ಯಾಬ್ಲೆಟ್‌ಗಳನ್ನು ಕೊಟ್ಟು, ಫೋಟೋ ತೆಗೆಸಿಕೊಂಡು ಬಂದರೆ ಅವು ಶಾಲೆಯ ಕಪಾಟಿನಲ್ಲಿ ಕೊಳೆಯುವ ದಾಸ್ತಾನಾಗುತ್ತವೆ. ಆಳಂದ ತಾಲ್ಲೂಕಿನ ಜಿಡಗಾದಂತಹ ಒಂದು ಗ್ರಾಮವನ್ನು ಆಯ್ದುಕೊಳ್ಳೋಣ. ನಾವು ಬಳಸಿ ಬಿಟ್ಟ ನಾಲ್ಕೈದು ಫೋನುಗಳಲ್ಲಿ 'ದೀಕ್ಷಾ' ವೇದಿಕೆಯ ಕನ್ನಡ ಪಾಠಗಳನ್ನು, ಅಕ್ಷರ ಫೌಂಡೇಷನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಗಣಿತದ ಆಟಗಳನ್ನು ಮೊದಲೇ ಇಳಿಸಿಡೋಣ. ಎರಡೂ ಉಚಿತ, ಊರಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತವೆ. ಆ ಊರಿನಲ್ಲೇ ಪಿಯುಸಿ ಓದಿದ ಒಬ್ಬ ಯುವತಿಗೆ ಗೌರವಧನ ನೀಡಿ, ಸಂಜೆ ಒಂದು ಗಂಟೆ ಕಲಿಸಲು ಕೋರೋಣ. ವಯಸ್ಕರಿಗೆ ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕುಗಳೇ ಪಠ್ಯವಾಗಲಿ. ಆರಂಭದಲ್ಲೊಮ್ಮೆ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಲಾಭನಷ್ಟವನ್ನು ನಮ್ಮ ಖಾತೆಯಂತೆಯೇ ಬರೆದಿಡೋಣ.

ಇದು ಸರ್ಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಹೌದು. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮವು ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತದೆಯೇ ಹೊರತು ನಮ್ಮಂತಹ ಸಣ್ಣ ವ್ಯಾಪಾರಿಗಳಿಗಲ್ಲ. ಆದರೆ ಚೀಟಿ ಓದಬಲ್ಲ ಗ್ರಾಹಕನು ನಮ್ಮ ತೂಕವನ್ನು ನಂಬುತ್ತಾನೆ. ಲೆಕ್ಕ ಬಲ್ಲ ಕೆಲಸಗಾರನು ನಮ್ಮ ನಷ್ಟವನ್ನು ತಪ್ಪಿಸುತ್ತಾನೆ. ಮುಂದಿನ ನೆರೆ ಅಥವಾ ಬರ ಬರುವ ಮೊದಲೇ ಈ ಕಾರ್ಯ ಆರಂಭವಾಗಲಿ.