ಕಂಡರೂ ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಹಿರಿಯರು ಬಿಟ್ಟುಹೋದ ಒಂದು ಗಾದೆ. ಕಿವಿಯಿಂದ ಕೇಳಿದುದನ್ನೆಲ್ಲ ನಂಬಬಾರದೆಂದು ಯಾವ ನಾಡಿನ ಜಾಣರಾದರೂ ಹೇಳಿಯಾರು. ಕಣ್ಣಾರೆ ಕಂಡುದನ್ನೂ ಒಮ್ಮೆ ಅಳೆದು ತೂಗಿ ನೋಡಬೇಕೆಂದು ಹೇಳುವುದಕ್ಕೆ ಅದಕ್ಕಿಂತ ಹೆಚ್ಚಿನ ವಿವೇಕ ಬೇಕು. ಕಣ್ಣು ಕಾಣುವುದು ಬೆಳಕನ್ನು, ಬಣ್ಣವನ್ನು, ಆಕಾರವನ್ನು ಮಾತ್ರ. ಅದಕ್ಕೆ ಹೆಸರಿಡುವುದು ಮನಸ್ಸು. ತಪ್ಪು ನುಸುಳುವುದು ಈ ಹೆಸರಿಡುವ ಗಳಿಗೆಯಲ್ಲಿ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಬಗೆದು ಬೆಚ್ಚಿದವನ ದೃಷ್ಟಾಂತವನ್ನು ದಾರ್ಶನಿಕರು ಮತ್ತೆ ಮತ್ತೆ ಬಳಸಿದುದು ಇದಕ್ಕಾಗಿಯೇ. ಹಗ್ಗವು ದಾರಿಯ ಮೇಲಿದ್ದರೆ ದೀಪ ತಂದು ನೋಡಬಹುದು. ಅದು ಆಕಾಶದಲ್ಲಿದ್ದರೆ ಮಾಡುವುದೇನು? ನೋಡುವವನ ಕೈಯಲ್ಲಿ ಬಂದೂಕವೂ ಇದ್ದರೆ ಆಗುವುದೇನು?

ಆಕಾಶದ ಕಡೆ ಮುಖವೆತ್ತಿ ಅರ್ಥವನ್ನು ಬೇಡುವುದು ಮನುಷ್ಯನಿಗೆ ಹೊಸದಲ್ಲ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಜನಸಾಗರವೇ ಇದಕ್ಕೆ ಸಾಕ್ಷಿ. ವ್ರತನಿಷ್ಠನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಮುಗಿಲನ್ನು ದಿಟ್ಟಿಸಿ, ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ಜನರ ಗದ್ದಲವೂ ಒಮ್ಮೆಲೇ ಅಡಗುತ್ತದೆ. ಒಂದೇ ಒಂದು ಮಾತು ಕಾರ್ಣಿಕವಾಗಿ ಹೊರಬೀಳುತ್ತದೆ. ಆಡಿದವನು ಮರುಕ್ಷಣವೇ ಬಿಲ್ಲಿನಿಂದ ಕೆಳಗಿಳಿದಿರುತ್ತಾನೆ. ಆ ಬಳಿಕ ರೈತನು ಆ ಮಾತಿನಲ್ಲಿ ಮಳೆಬೆಳೆಗಳನ್ನು ಕಾಣುತ್ತಾನೆ. ವ್ಯಾಪಾರಿಯು ಧಾರಣೆಯ ಏರಿಳಿತವನ್ನು ಕಾಣುತ್ತಾನೆ. ರಾಜಕಾರಣದಲ್ಲಿ ಆಸಕ್ತಿಯುಳ್ಳವನು ಅಧಿಕಾರದ ಏಳುಬೀಳುಗಳನ್ನು ಕಾಣುತ್ತಾನೆ. ನಂಬಿಕೆಯ ನೆಲೆಯಲ್ಲಿ ಇದು ಸಹಜವಾದುದು. ಒಂದು ಮಾತಿಗೆ ಹಲವು ಅರ್ಥಗಳಿದ್ದರೆ ಅಲ್ಲಿ ಯಾರಿಗೂ ಕೇಡಿಲ್ಲ. ಆದರೆ ದೇಶದ ಗಡಿಯನ್ನು ಕಾಯುವ ಸೈನಿಕನಿಗೆ ಇರುಳಿನ ಆಕಾಶದಲ್ಲಿ ಅಪರಿಚಿತವಾದ ಬೆಳಕೊಂದು ಕಂಡರೆ, ಅವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಕಂಡುದಕ್ಕೆ ಒಂದೇ ಅರ್ಥವಿರಬೇಕು. ಆ ಅರ್ಥವು ನಿಜವೂ ಆಗಿರಬೇಕು.

ಇಂತಹ ಸಂದರ್ಭವೊಂದು ಭಾರತೀಯ ಸೇನೆಗೆ ಲಡಾಖಿನಲ್ಲಿ ಒದಗಿತು. ಅಲ್ಲಿ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ ಪ್ಯಾಂಗಾಂಗ್ ಸರೋವರವಿದೆ. ಭಾರತ ಮತ್ತು ಚೀನಗಳ ನಡುವಣ ವಾಸ್ತವಿಕ ನಿಯಂತ್ರಣ ರೇಖೆ ಈ ಸರೋವರವನ್ನು ಹಾದುಹೋಗುತ್ತದೆ. 2012ರ ಆಗಸ್ಟ್ ತಿಂಗಳಿನಿಂದ 2013ರ ಫೆಬ್ರವರಿಯವರೆಗೆ ಅಲ್ಲಿನ ಠಾಣೆಯ ಯೋಧರು ಆಕಾಶದಲ್ಲಿ ಹೊಳೆಯುವ ವಸ್ತುಗಳನ್ನು ಕಂಡರು. ಅವರು ಬರೆದಿಟ್ಟ ದಾಖಲೆಗಳ ಸಂಖ್ಯೆ 329. ಅವುಗಳಲ್ಲಿ 155 ಸಲ ಆ ವಸ್ತು ನಿಯಂತ್ರಣ ರೇಖೆಯನ್ನು ದಾಟಿ ಈಚೆಗೆ ಬಂದಿತೆಂದು ಎಣಿಸಲಾಗಿತ್ತು. ಒಂದು ಬೆಳಕು ಸಂಜೆ ಸುಮಾರು ಆರು ಗಂಟೆಗೆ ದಿಗಂತದಲ್ಲಿ ತೋರಿ ಬೆಳಗಿನ ಐದರವರೆಗೂ ಇರುತ್ತಿತ್ತು. ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ ಮೂಡಿ ಹನ್ನೊಂದರ ಹೊತ್ತಿಗೆ ಮರೆಯಾಗುತ್ತಿತ್ತು. ನೆರೆಯ ದೇಶವು ಗೂಢಚಾರಿಕೆಗಾಗಿ ಕಳುಹಿಸಿದ ಚಾಲಕರಹಿತ ವಿಮಾನಗಳಿವು ಎಂಬ ಶಂಕೆ ಬಲವಾಯಿತು. ಹಾರುವ ತಟ್ಟೆಗಳ ಮಾತನ್ನು ಪತ್ರಿಕೆಗಳು ಎತ್ತಿದವು.

ಸೇನೆ ಆಗ ತೆಗೆದುಕೊಂಡ ನಿರ್ಧಾರ ಮೆಚ್ಚತಕ್ಕದ್ದು. ಅದು ಖಗೋಳ ವಿಜ್ಞಾನಿಗಳ ನೆರವನ್ನು ಕೋರಿತು. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದ ಬೆಟ್ಟದ ಮೇಲೆ ಈ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಹಿಮಾಲಯದ ಆಕಾಶವು ಈ ಸಂಸ್ಥೆಯವರಿಗೆ ಮನೆಯ ಅಂಗಳದಷ್ಟೇ ಪರಿಚಿತವಾದುದು. ಅವರು ಯೋಧರ ದಾಖಲೆಗಳಲ್ಲಿದ್ದ ಹೊತ್ತು ಮತ್ತು ಚಲನೆಯ ವಿವರಗಳನ್ನು ಗ್ರಹಗಳ ಗತಿಯೊಡನೆ ಹೋಲಿಸಿದರು. ಬಂದ ನಿರ್ಣಯ ಸರಳವಾಗಿತ್ತು: ಸಂಜೆಯ ಬೆಳಕು ಗುರುಗ್ರಹ, ಮುಂಜಾವಿನ ಬೆಳಕು ಶುಕ್ರಗ್ರಹ. 2013ರ ಜುಲೈ ತಿಂಗಳಿನಲ್ಲಿ ಈ ಸಂಗತಿ ಲೋಕಕ್ಕೆ ತಿಳಿಯಿತು.

ಆ ಚಳಿಗಾಲದ ಆಕಾಶವನ್ನು ನೆನೆದರೆ ಈ ನಿರ್ಣಯ ಎಷ್ಟು ಸರಿಯೆಂಬುದು ಯಾರಿಗಾದರೂ ಮನವರಿಕೆಯಾಗುತ್ತದೆ. 2012ರ ಡಿಸೆಂಬರ್ ಮೊದಲ ವಾರದಲ್ಲಿ ಭೂಮಿಯು ಸೂರ್ಯ ಮತ್ತು ಗುರುಗ್ರಹಗಳ ನಡುವೆ ಇತ್ತು. ಅಂತಹ ದಿನಗಳಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಗುರು ಮೂಡುತ್ತದೆ. ಸೂರ್ಯ ಮೂಡುವ ಹೊತ್ತಿಗೆ ಮುಳುಗುತ್ತದೆ. ಶುಕ್ರನಾದರೋ ಆ ಆಗಸ್ಟಿನಿಂದ ವರ್ಷದ ಕೊನೆಯವರೆಗೂ ಸೂರ್ಯನಿಗಿಂತ ಮೊದಲೇ ಮೂಡುತ್ತಿತ್ತು. ಧೂಳಿಲ್ಲದ, ತೆಳುವಾದ ಗಾಳಿಯಲ್ಲಿ ಅದು ಬಿಸಿಲೇರಿದ ಮೇಲೂ ಕಣ್ಣಿಗೆ ಬೀಳಬಲ್ಲದು. ಇನ್ನು ಗಡಿ ದಾಟಿದ ಮಾತು. ಗ್ರಹಗಳೆಲ್ಲ ಪೂರ್ವದಲ್ಲಿ ಮೂಡಿ ಪಶ್ಚಿಮಕ್ಕೆ ಸಾಗುವಂತೆ ತೋರುತ್ತವೆ. ಆ ಠಾಣೆಗೆ ನಿಯಂತ್ರಣ ರೇಖೆ ಇರುವುದು ಪೂರ್ವದ ಕಡೆಗೇ. ಆದುದರಿಂದ ಅರವತ್ತು ಕೋಟಿ ಕಿಲೋಮೀಟರ್ ದೂರದ ಗುರುಗ್ರಹವು ಪ್ರತಿ ಸಂಜೆಯೂ ಆಚೆಯ ಬೆಟ್ಟದ ಹಿಂದಿನಿಂದ ಎದ್ದು, ಗಡಿಯನ್ನು ದಾಟಿ, ತಲೆಯ ಮೇಲೆ ಹಾದುಹೋದಂತೆ ಕಂಡುದರಲ್ಲಿ ಆಶ್ಚರ್ಯವೇನಿದೆ?

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಸೀಮೆಯ ಹಳೆಯ ರೈತರಿಗೆ ಗಡಿಯಾರವಿರಲಿಲ್ಲ. ‘ಬೆಳ್ಳಿ ಮೂಡಿತು’ ಎಂದರೆ ಎದ್ದು ಎತ್ತುಗಳಿಗೆ ಮೇವು ಹಾಕುವ ಹೊತ್ತಾಯಿತೆಂದು ಅರ್ಥ. ಆ ಬೆಳ್ಳಿಯೇ ಶುಕ್ರಗ್ರಹ. ಒಂದು ನೆಲದಲ್ಲಿ ಉಳುವವನನ್ನು ಎಬ್ಬಿಸುವ ಚುಕ್ಕಿ ಇನ್ನೊಂದು ನೆಲದಲ್ಲಿ ವೈರಿಯ ಯಂತ್ರವಾಗಿ ಕಂಡಿತು. ಬದಲಾದುದು ಚುಕ್ಕಿಯಲ್ಲ, ನೋಡುವ ಮನಸ್ಸಿನ ಸ್ಥಿತಿ.

ಹೀಗೆಂದು ಆ ಯೋಧರನ್ನು ಕಂಡು ನಗುವುದು ಅವಿವೇಕ. ನಿದ್ದೆಗೆಟ್ಟು, ಉಸಿರಾಟಕ್ಕೂ ಕಷ್ಟವಾಗುವ ಎತ್ತರದಲ್ಲಿ, ಮೈ ಕೊರೆಯುವ ಚಳಿಯಲ್ಲಿ ನಿಂತವನಿಗೆ ಸಂಶಯವೇ ಕರ್ತವ್ಯ. ಕಂಡುದನ್ನು ವರದಿ ಮಾಡದ ಕಾವಲುಗಾರನಿಗಿಂತ, ತಪ್ಪಾಗಿ ಊಹಿಸಿದರೂ ವರದಿ ಮಾಡಿದವನು ಮೇಲು. ಗಡಿಯಾಚೆಯಿಂದ ಚಾಲಕರಹಿತ ವಿಮಾನಗಳು ಬರುವುದೇ ಇಲ್ಲವೆಂದು ಯಾರು ಹೇಳಬಲ್ಲರು? 2023ರ ಜನವರಿಯಲ್ಲಿ ಅಮೆರಿಕದ ಆಕಾಶದಲ್ಲಿ ತೇಲಿಬಂದ ಬಿಳಿಯ ಗೋಳವು ನಿಜವಾಗಿಯೂ ಚೀನದ ಬಲೂನು ಆಗಿತ್ತು. ಫೆಬ್ರವರಿ 4ರಂದು ಅದನ್ನು ಅಟ್ಲಾಂಟಿಕ್ ಕರಾವಳಿಯಲ್ಲಿ ಹೊಡೆದುರುಳಿಸಲಾಯಿತು. ಕಂಡುದನ್ನೆಲ್ಲ ಗ್ರಹವೆಂದು ತಳ್ಳಿಹಾಕುವವನೂ ಕಂಡುದನ್ನೆಲ್ಲ ವೈರಿಯೆಂದು ಭಾವಿಸುವವನೂ ಪ್ರಮಾಣಿಸುವ ಶ್ರಮವನ್ನು ತಪ್ಪಿಸಿಕೊಂಡವರೇ.

ಆ ಶ್ರಮವನ್ನು ತಪ್ಪಿಸಿಕೊಂಡರೆ ತೆರಬೇಕಾದ ಬೆಲೆ ಅಲ್ಪವಾದುದಲ್ಲ. 1960ರ ಅಕ್ಟೋಬರ್ 5ರಂದು ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿದ್ದ ಅಮೆರಿಕದ ರೇಡಾರ್ ಕೇಂದ್ರವು ಕ್ಷಿಪಣಿಗಳ ದಾಳಿಯ ಎಚ್ಚರಿಕೆಯನ್ನು ನೀಡಿತು. ಅಲ್ಲಿ ಆಗ ಮೂಡುತ್ತಿದ್ದುದು ಚಂದ್ರ. ರೇಡಾರಿನ ತರಂಗಗಳು ಚಂದ್ರನಿಗೆ ತಾಗಿ ಮರಳಿದ್ದವು. ಅಧಿಕಾರಿಗಳು ದುಡುಕದೆ ವಿಚಾರ ಮಾಡಿದುದರಿಂದ ಪರಮಾಣು ಯುದ್ಧದ ಮಾತು ಅಲ್ಲಿಗೇ ನಿಂತಿತು. ಲಡಾಖಿನಲ್ಲಿಯೂ ಕಾಲ ಅನುಕೂಲವಾಗಿರಲಿಲ್ಲ. ಗ್ರಹಗಳ ದಾಖಲೆ ಮುಗಿದ ಎರಡೇ ತಿಂಗಳಿಗೆ, 2013ರ ಏಪ್ರಿಲ್‌ನಲ್ಲಿ, ದೆಪ್ಸಾಂಗಿನಲ್ಲಿ ಎರಡೂ ದೇಶಗಳ ಸೈನಿಕರು ಮೂರು ವಾರಗಳ ಕಾಲ ಎದುರುಬದುರಾಗಿ ನಿಂತಿದ್ದರು. ಅಂತಹ ಹೊತ್ತಿನಲ್ಲಿ 155 ಅತಿಕ್ರಮಣಗಳೆಂಬ ಲೆಕ್ಕವು ಪರಿಶೀಲನೆಯಿಲ್ಲದೆ ಉಳಿದಿದ್ದರೆ ಅದು ಕಿಡಿಗೆ ಬತ್ತಿಯಾಗುವುದಕ್ಕೆ ಬೇರೇನೂ ಬೇಕಿರಲಿಲ್ಲ.

ಹಾಗಾದರೆ ಸೇನೆ ನಡೆಸುವ ತನಿಖೆ ಹೇಗಿರಬೇಕು? ಇದಕ್ಕೆ ಅಮೆರಿಕದ ವಾಯುಪಡೆಯ ಅನುಭವದಲ್ಲಿ ಪಾಠವೂ ಇದೆ, ಎಚ್ಚರಿಕೆಯೂ ಇದೆ. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ವಿಮಾನ ಚಾಲಕನು ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡುದಾಗಿ ಹೇಳಿದನು. ‘ಹಾರುವ ತಟ್ಟೆ’ ಎಂಬ ಹೆಸರು ಪತ್ರಿಕೆಗಳಲ್ಲಿ ಹುಟ್ಟಿದುದು ಆಗಲೇ. ಬಳಿಕ ವಾಯುಪಡೆಯು ಒಂದರ ಹಿಂದೆ ಒಂದರಂತೆ ಮೂರು ತನಿಖಾ ಯೋಜನೆಗಳನ್ನು ನಡೆಸಿತು. 1952ರಲ್ಲಿ ಆರಂಭವಾದ ‘ಬ್ಲೂ ಬುಕ್’ ಯೋಜನೆಯು ಅವುಗಳಲ್ಲಿ ಕೊನೆಯದು. 1969ರಲ್ಲಿ ಅದು ಮುಗಿಯುವ ಹೊತ್ತಿಗೆ 12,618 ವರದಿಗಳು ಸಂಗ್ರಹವಾಗಿದ್ದವು. ಗ್ರಹಗಳು, ಉಲ್ಕೆಗಳು, ಬಲೂನುಗಳು, ವಿಮಾನಗಳು ಎಂದು ಹೆಚ್ಚಿನವುಗಳ ಗುಟ್ಟು ಬಯಲಾಯಿತು. 701 ವರದಿಗಳು ಮಾತ್ರ ನಿರ್ಣಯವಿಲ್ಲದೆ ಉಳಿದವು.

ಈ 701ನ್ನು ಹಿಡಿದು ಅನ್ಯಲೋಕದವರು ಬಂದುದು ನಿಜವೆಂದು ವಾದಿಸುವವರು ಇಂದಿಗೂ ಇದ್ದಾರೆ. ಇದು ತರ್ಕದ ದೋಷ. ಕಳವಾದ ಮನೆಯಲ್ಲಿ ಕಳ್ಳನ ಗುರುತು ಸಿಗಲಿಲ್ಲವೆಂದ ಮಾತ್ರಕ್ಕೆ ಕದ್ದುದು ದೆವ್ವವೆಂದು ಯಾರೂ ಬರೆದುಕೊಳ್ಳುವುದಿಲ್ಲ. ‘ತಿಳಿಯದು’ ಎಂಬುದು ಒಂದು ಪ್ರಾಮಾಣಿಕ ಉತ್ತರ; ಅದರ ಮುಂದೆ ಕಲ್ಪನೆಯನ್ನು ಜೋಡಿಸಿದೊಡನೆ ಆ ಪ್ರಾಮಾಣಿಕತೆ ಕೆಡುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯು 2022ರಲ್ಲಿ ಇದಕ್ಕಾಗಿಯೇ ಹೊಸ ಕಚೇರಿಯೊಂದನ್ನು ತೆರೆಯಿತು. ಹಳೆಯ ತನಿಖೆಗಳನ್ನೆಲ್ಲ ಪರಿಶೀಲಿಸಿದ ಆ ಕಚೇರಿಯು 2024ರ ಮಾರ್ಚ್ ತಿಂಗಳಿನ ವರದಿಯಲ್ಲಿ, ಅನ್ಯಲೋಕದ ತಂತ್ರಜ್ಞಾನಕ್ಕೆ ಯಾವ ಆಧಾರವೂ ದೊರೆತಿಲ್ಲವೆಂದು ತಿಳಿಸಿತು.

ಆದರೆ ಜನರು ಇಂತಹ ವರದಿಗಳನ್ನು ಸುಲಭವಾಗಿ ನಂಬುವುದಿಲ್ಲ. ಅದಕ್ಕೆ ಕಾರಣವನ್ನು ಜನರ ಮೌಢ್ಯದಲ್ಲಿ ಮಾತ್ರ ಹುಡುಕಬಾರದು. 1966ರಲ್ಲಿ ಮಿಚಿಗನ್ ಪ್ರಾಂತ್ಯದಲ್ಲಿ ಅನೇಕರು ಬೆಳಕುಗಳನ್ನು ಕಂಡರು. ವಾಯುಪಡೆಯ ಸಲಹೆಗಾರನಾಗಿದ್ದ ಖಗೋಳ ವಿಜ್ಞಾನಿ ಅಲೆನ್ ಹೈನೆಕ್, ಜೌಗುನೆಲದ ಅನಿಲ ಹೊತ್ತಿದುದು ಇದಕ್ಕೆ ಕಾರಣವಿರಬಹುದೆಂದನು. ಆ ವಿವರಣೆಯನ್ನು ನಾಡೆಲ್ಲ ಗೇಲಿ ಮಾಡಿತು. ಮುಂದೆ ಅವನೇ ವಾಯುಪಡೆಯ ತನಿಖಾಕ್ರಮದ ಟೀಕಾಕಾರನಾದನು. ರಹಸ್ಯವೂ ಸಂಶಯವನ್ನು ಬೆಳೆಸಿತು. 1947ರಲ್ಲಿ ರಾಸ್‌ವೆಲ್ ಎಂಬಲ್ಲಿ ಬಿದ್ದುದು ಸೋವಿಯತ್ ಪರಮಾಣು ಪರೀಕ್ಷೆಗಳನ್ನು ಪತ್ತೆಹಚ್ಚಲು ಹಾರಿಸಿದ್ದ ಗುಪ್ತ ಬಲೂನಿನ ಅವಶೇಷವೆಂದು ವಾಯುಪಡೆಯು ಬಿಡಿಸಿ ಹೇಳಿದುದು 1994ರಲ್ಲಿ. ಆ 47 ವರ್ಷಗಳಲ್ಲಿ ವದಂತಿಯು ಹೆಮ್ಮರವಾಗಿತ್ತು. ಸತ್ಯವು ತಡವಾಗಿ ಬಂದರೆ ಅದು ಕೂರಬೇಕಾದ ಮಣೆಯಲ್ಲಿ ಸುಳ್ಳು ಕುಳಿತಿರುತ್ತದೆ.

ಫ್ರಾನ್ಸ್ ದೇಶದ ನಡೆ ಇದಕ್ಕಿಂತ ಉತ್ತಮವಾದುದು. ಅಲ್ಲಿ 1977ರಿಂದ ಇಂತಹ ವರದಿಗಳ ಪರಿಶೀಲನೆಯನ್ನು ಬಾಹ್ಯಾಕಾಶ ಸಂಸ್ಥೆಯೇ ವಹಿಸಿಕೊಂಡಿದೆ. 2007ರಿಂದ ತನ್ನ ದಾಖಲೆಗಳನ್ನು ಅದು ಸಾರ್ವಜನಿಕರ ಮುಂದೆ ಇಡುತ್ತಿದೆ. ಗಡಿಯ ಗುಟ್ಟುಗಳನ್ನು ಬಯಲು ಮಾಡಬೇಕೆಂದು ಯಾರೂ ಕೇಳಲಾರರು. ಆದರೆ ಆಕಾಶದ ಬೆಳಕು ಗುರುವೋ ಶುಕ್ರನೋ ಎಂಬುದು ವೈರಿಯಿಂದ ಮುಚ್ಚಿಡಬೇಕಾದ ಗುಟ್ಟಲ್ಲ.

ಭಾರತಕ್ಕೆ ಈ ಪ್ರಶ್ನೆ ಲಡಾಖಿನೊಂದಿಗೆ ಮುಗಿಯಲಿಲ್ಲ. 2023ರ ನವೆಂಬರ್ 19ರಂದು ಇಂಫಾಲದ ವಿಮಾನ ನಿಲ್ದಾಣದ ಬಳಿ ಗುರುತಿಸಲಾಗದ ವಸ್ತುವೊಂದು ಕಾಣಿಸಿತೆಂದು ವಿಮಾನಗಳ ಸಂಚಾರವನ್ನು ಕೆಲವು ಗಂಟೆಗಳ ಕಾಲ ತಡೆಹಿಡಿಯಲಾಯಿತು. ವಾಯುಪಡೆಯ ರಫೇಲ್ ವಿಮಾನಗಳು ಹುಡುಕಾಡಿದರೂ ಏನೂ ಸಿಗಲಿಲ್ಲ. ಬೆಲೆಯಿಳಿದ ಚಾಲಕರಹಿತ ವಿಮಾನಗಳು ಮದುವೆಯ ಚಪ್ಪರದ ಮೇಲೂ ಹೊಲದ ಮೇಲೂ ಹಾರಾಡುವ ಈ ಕಾಲದಲ್ಲಿ ಇಂತಹ ಕರೆಗಳು ಹೆಚ್ಚುವುವೇ ಹೊರತು ಕಡಿಮೆಯಾಗಲಾರವು. ಆದುದರಿಂದ ಗಡಿಠಾಣೆಗೂ ವೀಕ್ಷಣಾಲಯಕ್ಕೂ ನಡುವೆ ಸಂಕಟ ಬಂದಾಗ ಮಾತ್ರ ತೆರೆಯುವ ಬಾಗಿಲು ಸಾಲದು. ಸದಾ ತೆರೆದ ದಾರಿ ಇರಬೇಕು. ಬಂದೂಕು ಹಿಡಿಯಲು ಕಲಿಯುವ ಯೋಧನು ತಿಂಗಳಿಗೊಮ್ಮೆ ಬದಲಾಗುವ ಆಕಾಶದ ನಕ್ಷೆಯನ್ನು ಓದಲೂ ಕಲಿಯಬೇಕು. ಅದು ಶಸ್ತ್ರಾಭ್ಯಾಸಕ್ಕಿಂತ ಕೀಳಾದ ವಿದ್ಯೆಯಲ್ಲ.

ಯೋಧರು ಬರೆದಿಟ್ಟ 329 ದಾಖಲೆಗಳಲ್ಲಿ ಊಹೆ ತಪ್ಪಿತ್ತು, ಹೊತ್ತು ಸರಿಯಾಗಿತ್ತು. ಸತ್ಯವು ಬೆಳಕಿಗೆ ಬಂದುದು ಆ ಹೊತ್ತಿನಿಂದಲೇ. ಆಕಾಶದಲ್ಲಿ ಅಪರಿಚಿತವಾದುದನ್ನು ಕಂಡವರು, ಅವರು ಸೈನಿಕರಾಗಲಿ ಸಾಮಾನ್ಯರಾಗಲಿ, ಮೊದಲು ದಿನವನ್ನು, ಗಳಿಗೆಯನ್ನು, ದಿಕ್ಕನ್ನು, ಎತ್ತರವನ್ನು ಬರೆಯಲಿ. ಅದರ ಹೆಸರನ್ನು ಬರೆಯುವ ಜಾಗವನ್ನು ಪ್ರಮಾಣ ದೊರೆಯುವವರೆಗೆ ಬರಿದಾಗಿಯೇ ಬಿಡಲಿ.